ಬಾಗಿಲ ಬೂಟು, ಮಠದ ಮುಳ್ಳು

ಕುವೈತಿನ ಫರ್ವಾನಿಯಾದ ನಮ್ಮ ಮನೆಯ ಬಾಗಿಲ ಹೊರಗೆ ಸಂಜೆಯಾದರೆ ಒಂದು ಜೊತೆ ಗಂಡಸರ ಬೂಟು ಇರುತ್ತಿತ್ತು. ಕಪ್ಪು ಚರ್ಮ, ಲೇಸು, ದೊಡ್ಡ ಅಳತೆ. ಒಳಗೆ ಗಂಡಸು ಇರಲಿಲ್ಲ. ಇದ್ದದ್ದು ಮೂವರು ಹೆಂಗಸರು: ಬಾಡಿಗೆ ಕರಾರು ಯಾರ ಹೆಸರಿನಲ್ಲಿತ್ತೋ ಆ ಅಕ್ಕ, ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿದ್ದ ಬ್ಯಾರಿ ಹುಡುಗಿ, ಮತ್ತು ನಾನು.

ಬೂಟು ಅಕ್ಕನ ಏರ್ಪಾಡು. ಅವರು ಉಡುಪಿ ಕಡೆಯವರು, ಐವತ್ತು ದಾಟಿದವರು, ಕೇಟರಿಂಗ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಅವರು ಒಬ್ಬರೇ ಇದ್ದ ಕಾಲದಲ್ಲಿ ಯಾರ್ಯಾರೋ ಬೆಲ್ ಒತ್ತಿ "ಸಾರಿ, ರಾಂಗ್ ಫ್ಲ್ಯಾಟ್" ಎನ್ನುತ್ತಿದ್ದರಂತೆ. ಅದೇ ಮುಖ ಮತ್ತೆ ಮತ್ತೆ ಮನೆ ತಪ್ಪುತ್ತಿತ್ತಂತೆ. ಅಕ್ಕ ಶುಕ್ರವಾರದ ಸಂತೆಗೆ ಹೋಗಿ, ಹಳೆ ಸಾಮಾನಿನ ರಾಶಿಯಲ್ಲಿ ಲೇಸಿಗೆ ಲೇಸು ಗಂಟು ಹಾಕಿಟ್ಟಿದ್ದ ಒಂದು ಜೊತೆಯನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿಟ್ಟರು. ಆಮೇಲೆ ಯಾರೂ ಮನೆ ತಪ್ಪಲಿಲ್ಲ.

ಇಟ್ಟು ಸುಮ್ಮನಾದರೆ ಸಾಲದು ಎಂಬುದು ಅವರ ನಿಯಮ. ಬೆಳಿಗ್ಗೆ ನಾವು ಕೆಲಸಕ್ಕೆ ಹೊರಡುವಾಗ ಬೂಟು ಒಳಗೆ ಬರಬೇಕು, ಸಂಜೆ ಹೊರಗೆ ಹೋಗಬೇಕು. ಶುಕ್ರವಾರ ವಾರದ ರಜೆ, ಇಡೀ ದಿನ ಹೊರಗೆ. ಅಪರೂಪಕ್ಕೆ ಮಳೆ ಬಂದ ದಿನ ಅದರ ಅಡಿಗೆ ನೀರು ಚಿಮುಕಿಸಬೇಕು. "ದುಡಿಯದ ಗಂಡಸನ್ನು ಬಾಗಿಲಲ್ಲಿ ಇಟ್ಟುಕೊಂಡು ಎಂತ ಮಾಡುವುದು?" ಎನ್ನುತ್ತಿದ್ದರು. ಬ್ಯಾರಿ ಹುಡುಗಿ ಆ ಬೂಟಿಗೆ ಭಾವ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ಬಚ್ಚಲಿನಿಂದಲೇ ಕೂಗುತ್ತಿದ್ದಳು, "ಭಾವನನ್ನು ಒಳಗೆ ತಂದಿರಾ?"

ನಾನು ಬಂದ ಮೊದಲ ವಾರವೇ ಬೂಟನ್ನು ಎತ್ತಿ ನೋಡಿದೆ. ವಸ್ತುಗಳನ್ನು ಎತ್ತಿ, ತಿರುಗಿಸಿ, ಅಡಿ ನೋಡುವುದು ನಾನು ಕಲಿತ ವಿದ್ಯೆ. ಎರಡೂ ಎಡಗಾಲಿನವು. ಅಂಗಡಿಯ ಗಾಜಿನ ಹಿಂದೆ ತೋರಿಸಲು ಇಟ್ಟಿದ್ದ ಒಂಟಿ ಬೂಟುಗಳು ಹೇಗೋ ಸಂತೆ ಸೇರಿ ಜೋಡಿಯಾಗಿದ್ದಿರಬೇಕು. ಅಕ್ಕನಿಗೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಗೋಡೆ ಹಿಡಿದುಕೊಂಡು ನಕ್ಕರು. "ಹೋಗಲಿ ಮಾರಾಯ್ತಿ. ಇಷ್ಟು ವರ್ಷ ಯಾರಾದರೂ ನೋಡಿದ್ದಾರಾ? ಗಂಡಸರದ್ದು ಅಂತ ಗೊತ್ತಾದ ಮೇಲೆ ಯಾರು ಅಷ್ಟು ನೋಡ್ತಾರೆ?"

ಆ ಮಾತು ನನಗೆ ಆಮೇಲೆ ಬಹಳ ಸಲ ಉಪಯೋಗಕ್ಕೆ ಬಂತು.

ಹಗಲು ನಾನು ಕಾಂಟ್ರಾಕ್ಟಿಂಗ್ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ಬರೆದ ಪೈಪಿನ ನಕ್ಷೆಗಳಿಗೆ ನಂಬರು ಹಾಕುವುದು, ಅವರೇ ಅವನ್ನು ಕಳೆದುಕೊಂಡಾಗ ಹುಡುಕಿ ಕೊಡುವುದು, ಅದಕ್ಕೆ ಅವರಿಂದ ಬೈಸಿಕೊಳ್ಳುವುದು. ಸಂಜೆಯ ಕೆಲಸ ಬೇರೆ. ಇಂಗ್ಲೆಂಡಿನಲ್ಲಿ ಒಂದು ವರ್ಷ ಪುರಾತತ್ವ ಓದಿದ್ದೆ. ಅಲ್ಲಿನ ಉತ್ತರದ ಕರಾವಳಿಯಲ್ಲಿ ಆಂಗ್ಲೊ-ಸ್ಯಾಕ್ಸನ್ ಕಾಲದ ಒಂದು ಕ್ರೈಸ್ತ ಮಠದ ಉತ್ಖನನ ನಡೆಯುತ್ತಿತ್ತು. ಒಂದು ಬೇಸಿಗೆ ಮೊಣಕಾಲೂರಿ ಅಲ್ಲಿಯ ಮಣ್ಣು ಕೆರೆದೆ. ವೀಸಾ ಮುಗಿಯಿತು, ಕುವೈತಿಗೆ ಬಂದೆ. ಉತ್ಖನನದ ಮುಖ್ಯಸ್ಥರಾದ ಪ್ರೊಫೆಸರು ಸಣ್ಣಪುಟ್ಟ ವಸ್ತುಗಳ ವಿವರ ಬರೆಯುವ ಭಾಗವನ್ನು ನನಗೇ ಬಿಟ್ಟರು. ದೊಡ್ಡ ಔದಾರ್ಯವೇನೂ ಅಲ್ಲ, ಅದನ್ನು ಬೇರೆ ಯಾರೂ ಒಪ್ಪಿಕೊಂಡಿರಲಿಲ್ಲ. ಅವರು ಫೋಟೋ ಕಳಿಸುತ್ತಿದ್ದರು, ನಾನು ಬರೆಯುತ್ತಿದ್ದೆ. ಮಂಗಳವಾರ ಸಂಜೆ ಲ್ಯಾಪ್‌ಟಾಪಿನಲ್ಲಿ ಮಾತು. ಮಾತು ಎಂದರೆ ಅವರದ್ದು.

ಮಠ ಎಂದೊಡನೆ ಜನ ಕಲ್ಲಿನ ಕಮಾನು, ಚೌಕದ ಅಂಗಳ, ಟೊಪ್ಪಿಗೆ ಎಳೆದುಕೊಂಡು ತಲೆ ತಗ್ಗಿಸಿ ನಡೆಯುವ ಗಂಡಸರ ಸಾಲನ್ನು ಕಲ್ಪಿಸಿಕೊಳ್ಳುತ್ತಾರೆ. ಅದೆಲ್ಲ ನೂರಾರು ವರ್ಷ ಆಮೇಲಿನದು. ಏಳು, ಎಂಟನೆಯ ಶತಮಾನದ ಈ ಮಠಕ್ಕೆ ಇದ್ದದ್ದು ಸುತ್ತಲೊಂದು ಕಂದಕ, ಒಳಗೆ ಮರದ ಮನೆಗಳು. ಮರ ಕೊಳೆತು, ಕಂಬ ನೆಟ್ಟ ಗುಂಡಿಗಳು ಮಣ್ಣಿನಲ್ಲಿ ಕಪ್ಪು ಕಲೆಗಳಾಗಿ ಉಳಿದಿವೆ. ಸಿಕ್ಕಿದ್ದು ಮೇಣದ ಹಲಗೆಯ ಮೇಲೆ ಬರೆಯುವ ಕಂಟಗಳು, ಕಿಟಕಿಗೆ ಹಾಕಿದ್ದ ಬಣ್ಣದ ಗಾಜಿನ ಚೂರು, ನೂಲುವ ಕದಿರಿನ ಮೂಳೆ ಬಿಲ್ಲೆಗಳು, ಮಗ್ಗದ ನೂಲನ್ನು ಕೆಳಗೆಳೆದು ಹಿಡಿಯುವ ಮಣ್ಣಿನ ಗುಂಡುಗಳು, ಬಟ್ಟೆಗೆ ಚುಚ್ಚುವ ಸೂಜಿಗಳು, ರಾಶಿ ಮೀನಿನ ಮುಳ್ಳು. ಆ ಕಾಲದಲ್ಲಿ ಸನ್ಯಾಸಿಗಳೂ ಸನ್ಯಾಸಿನಿಯರೂ ಒಂದೇ ಆವರಣದಲ್ಲಿದ್ದು, ಇಬ್ಬರ ಮೇಲೂ ಒಬ್ಬ ಹೆಂಗಸು ಆಡಳಿತ ನಡೆಸುತ್ತಿದ್ದ ಮಠಗಳಿದ್ದವು. ಇದು ನಾನು ಕಂಡುಹಿಡಿದದ್ದಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು.

ಪ್ರೊಫೆಸರಿಗೂ ಗೊತ್ತಿತ್ತು. ಆದರೆ ಅವರ ಕೈಗೆ ಬಂದ ಕೂಡಲೇ ವಸ್ತುಗಳೆಲ್ಲ ತಂತಮ್ಮ ಜಾಗ ನೋಡಿಕೊಂಡು ಕೂತುಬಿಡುತ್ತಿದ್ದವು. ಕಂಟ ಸಿಕ್ಕಿತೋ, ಓದುಬರಹ ಬಲ್ಲ ಸನ್ಯಾಸಿಗಳು ಇದ್ದರು. ಕದಿರಿನ ಬಿಲ್ಲೆ ಸಿಕ್ಕಿತೋ, ನೂಲುವ ದಾಸಿಯರು ಇದ್ದರು. ಎರಡೂ ಒಂದೇ ಮನೆಯ ನೆಲದಲ್ಲಿ ಸಿಕ್ಕಿದರೆ ಮಣ್ಣು ಕಲಸಿಹೋಗಿದೆ ಎನ್ನುತ್ತಿದ್ದರು. ಒಬ್ಬಳೇ ಹೆಂಗಸು ಬೆಳಿಗ್ಗೆ ಬರೆದು ಸಂಜೆ ನೂತಿರಬಹುದು ಎಂಬುದು ಅಷ್ಟು ಓದಿದ ತಲೆಗೆ ಹೊಳೆಯುತ್ತಿರಲಿಲ್ಲ.

ಅಷ್ಟರಲ್ಲಿ ಹೆಬ್ಬಾಗಿಲ ಪಕ್ಕದ ಗುಂಡಿಯೊಂದರಲ್ಲಿ ಒಂದು ಮುಳ್ಳು ಸಿಕ್ಕಿತು. ಕುದುರೆ ಸವಾರ ಹಿಮ್ಮಡಿಗೆ ಕಟ್ಟಿಕೊಂಡು ಕುದುರೆಯ ಪಕ್ಕೆಗೆ ತಿವಿಯುವ ಕಬ್ಬಿಣದ ಮುಳ್ಳು. ಒಂದೇ ಒಂದು, ಅದೂ ಕೊಂಡಿ ಮುರಿದದ್ದು. ಪ್ರೊಫೆಸರ ಮುಖ ಪರದೆಯ ಮೇಲೆ ಹೊಳೆಯಿತು. ಇದು ಮಠವೇ ಅಲ್ಲ, ಕನಿಷ್ಠ ಆ ಹೊತ್ತಿಗೆ ಮಠವಾಗಿ ಉಳಿದಿರಲಿಲ್ಲ, ಯಾವನೋ ಯೋಧ ದೊರೆಯ ಮನೆಯಾಗಿತ್ತು ಎಂದರು. ಬಂದುಹೋದ ಅತಿಥಿಯದ್ದಿರಬಹುದಲ್ಲ ಎಂದೆ. ಮಠದ ಒಡತಿಯೇ ಕುದುರೆ ಏರುತ್ತಿದ್ದಿರಬಹುದಲ್ಲ ಎಂದೆ. ಅಷ್ಟೊಂದು ಕಲ್ಪನೆ ಬೇಡ ಎಂದು ನಕ್ಕರು. ಮುರಿದ ಕಬ್ಬಿಣದ ತುಂಡಿನಿಂದ ಒಬ್ಬ ದೊರೆಯನ್ನು, ಅವನ ಕುದುರೆಯನ್ನು, ಅವನ ಪಡೆಯನ್ನು ಎಬ್ಬಿಸಿ ನಿಲ್ಲಿಸಿದ್ದು ಮಾತ್ರ ಕಲ್ಪನೆಯಲ್ಲ.

ನಮ್ಮ ಕಟ್ಟಡದಲ್ಲೂ ಇಂಥ ಒಬ್ಬ ವಿದ್ವಾಂಸರಿದ್ದರು. ಕೆಳಗಿನ ಮಹಡಿಯವರು, ಊರಿನವರ ಸಂಘದ ಕಾರ್ಯದರ್ಶಿ, ಯಾವುದೋ ಟ್ರೇಡಿಂಗ್ ಕಂಪನಿಯ ಅಕೌಂಟ್ಸ್ ಮ್ಯಾನೇಜರ್. ಕಟ್ಟಡಕ್ಕೆ ಅರ್ಧ ಬಾಡಿಗೆದಾರರನ್ನು ಅವರೇ ಹಿಡಿದು ತಂದದ್ದರಿಂದ ಮಾಲೀಕರ ಕಚೇರಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಸಂಘದ ಪ್ರತಿ ಸಭೆಯಲ್ಲೂ ಸಂಸ್ಕೃತಿಯ ಬಗ್ಗೆ ಮಾತಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ಅವರ ಮಕ್ಕಳು ಅದನ್ನು ಕೇಳಿ ಇಂಗ್ಲಿಷಿನಲ್ಲಿ ಆಕಳಿಸುತ್ತಿದ್ದವು.

ಚಳಿಗಾಲದಲ್ಲಿ ಸಂಘದವರು ಫೈಲಕಾ ದ್ವೀಪಕ್ಕೆ ಪಿಕ್‌ನಿಕ್ ಹೊರಟರು. ನಾನು ಇಂಥದ್ದಕ್ಕೆಲ್ಲ ಹೋಗುವವಳಲ್ಲ. ಆದರೆ ಆ ದ್ವೀಪದ ನಡುವೆ ಒಂದು ಹಳೆಯ ಕ್ರೈಸ್ತ ಮಠದ ಅವಶೇಷ ಇದೆ, ಸುಮಾರು ನನ್ನ ಮಠದ ಕಾಲದ್ದೇ. ನಾನು ದಿನವೂ ಬರೆಯುವ ಆ ಚಳಿಯ ಕಡಲತೀರದಲ್ಲಿ ಯಾರೋ ಗಂಟೆ ಹೊಡೆದು ಪ್ರಾರ್ಥನೆಗೆ ಕರೆಯುತ್ತಿದ್ದ ಶತಮಾನಗಳಲ್ಲಿ, ಈ ಉಪ್ಪು ಮಣ್ಣಿನ ದ್ವೀಪದಲ್ಲೂ ಯಾರೋ ಅದೇ ಕೆಲಸ ಮಾಡುತ್ತಿದ್ದರು. ನೋಡಬೇಕೆನಿಸಿತು. ದೋಣಿ ಇಳಿದ ಮೇಲೆ ಕಾರ್ಯದರ್ಶಿಗಳನ್ನು ಕೇಳಿದೆ, ಬಸ್ಸು ಆ ಕಡೆ ಹೋಗುತ್ತದೆಯೇ ಎಂದು.

"ಕಲ್ಲು ನೋಡಲಿಕ್ಕೆ ಇಲ್ಲಿಗೆ ಬರಬೇಕಾ ತಂಗಿ? ಊರಲ್ಲಿ ಕಲ್ಲು ಇಲ್ವಾ?" ಎಂದು ಸುತ್ತಲಿನವರನ್ನು ನಗಿಸಿದರು. ಬಸ್ಸು ಕೋಳಿ ಸುಡುವ ಜಾಗಕ್ಕೆ ಹೋಯಿತು.

ಅಲ್ಲಿ ಕಾರ್ಯದರ್ಶಿಗಳು ತಟ್ಟೆ ಹಿಡಿದುಕೊಂಡು ನಮ್ಮ ಮೂವರ ಹತ್ತಿರ ಬಂದರು. "ಮನೆಯ ಗಂಡಸರು ಬರಲಿಲ್ವಾ? ಬೂಟು ಮಾತ್ರ ಕಾಣ್ತದೆ, ಮನುಷ್ಯ ಕಾಣುವುದಿಲ್ಲ."

ಅಕ್ಕ ಉತ್ತರ ಹುಡುಕುವ ಮೊದಲೇ ಬ್ಯಾರಿ ಹುಡುಗಿ ಹೇಳಿದಳು, "ಭಾವನಿಗೆ ದೋಣಿ ಆಗುವುದಿಲ್ಲ ಅಂಕಲ್. ಹತ್ತಿದರೆ ವಾಂತಿ."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮೂವರಲ್ಲಿ ಯಾರಿಗೂ ಮದುವೆಯಾಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾದರೆ ಭಾವ ಯಾರ ಗಂಡ? ಕೋಳಿ ತಿನ್ನುತ್ತಲೇ ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

ಬಾಡಿಗೆ ಕರಾರು ನವೀಕರಣಕ್ಕೆ ಬಂದಿತ್ತು. ಆ ವರ್ಷ ಮಾಲೀಕರ ಕಚೇರಿಯವರು ಕಟ್ಟಡದಲ್ಲಿ ಇನ್ನು ಫ್ಯಾಮಿಲಿ ಮಾತ್ರ, ಬ್ಯಾಚುಲರುಗಳೆಲ್ಲ ಖಲಾಸ್ ಎಂದಿದ್ದರು. ಇಲ್ಲಿ ಒಂಟಿ ಹೆಂಗಸೂ ಬ್ಯಾಚುಲರೇ. ಯಾವ ಮನೆ ಫ್ಯಾಮಿಲಿ, ಯಾವುದು ಅಲ್ಲ ಎಂದು ಹೇಳುವ ಅಧಿಕಾರ ಕಾರ್ಯದರ್ಶಿಗಳಿಗೆ ಬಂತು. ಅವರು ಅಲ್ಲವೆಂದರೆ ನಮಗೆ, ಚಿಕ್ಕವರಿಬ್ಬರಿಗೆ, ಎಲ್ಲಾದರೂ ಬೆಡ್ ಸ್ಪೇಸ್, ಅಂದರೆ ಯಾರದೋ ಕೋಣೆಯಲ್ಲಿ ಒಂದು ಬಾಡಿಗೆ ಮಂಚ, ಸಿಗುತ್ತಿತ್ತು. ಅಕ್ಕ ಮಾತ್ರ ಮಹಬೂಲಾದ ಕಂಪನಿ ವಸತಿಗೆ ಹೋಗಬೇಕಾಗಿತ್ತು. ಅಲ್ಲಿ ಮೇಲೊಂದು ಕೆಳಗೊಂದು ಮಂಚ, ಕೋಣೆಯ ತುಂಬ ಜನ, ಅಡುಗೆ ಮಾಡುವಂತಿಲ್ಲ. ಹಗಲಿಡೀ ಪರರಿಗೆ ಊಟ ಬಡಿಸುವವರಿಗೆ ಈ ಮನೆಯ ಒಲೆ, ಊರಿನಿಂದ ಹೊತ್ತು ತಂದ ಗ್ರೈಂಡರು, ಬಾಲ್ಕನಿಯ ಬಸಳೆ ಬಳ್ಳಿ ಇಷ್ಟೇ ಸ್ವಂತದ್ದು. ಮಹಬೂಲಾಕ್ಕೆ ಹೋಗುವುದಾದರೆ ಕೆಲಸ ಬಿಟ್ಟು ಹೋಗ್ತೇನೆ ಎಂದರು. ಹೋಗುವುದು ಎಲ್ಲಿಗೆ ಎಂದು ನಾವು ಕೇಳಲಿಲ್ಲ.

"ನಿಜ ಹೇಳಿಬಿಡಿ ಅಕ್ಕ. ಬೂಟು ತೋರಿಸಿದರೆ ಮುಗಿಯಿತು," ಎಂದೆ.

"ನಿಜ ಹೇಳಿದರೆ ಏನಾಗ್ತದೆ ಗೊತ್ತುಂಟಾ? ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಗೊತ್ತಾಗ್ತದೆ, ಒಳಗೆ ಗಂಡಸು ಇಲ್ಲ ಅಂತ. ಮತ್ತೆ ರಾಂಗ್ ಫ್ಲ್ಯಾಟ್ ಶುರು. ನೀನು ಬಾಯಿ ಬಿಡಬೇಡ."

ಗಂಡಸು ಇದ್ದಾನೆಂದರೆ ಅದು ಕೆಟ್ಟ ಮನೆ. ಇಲ್ಲವೆಂದರೆ ಅದು ಫ್ಯಾಮಿಲಿಯಲ್ಲ, ಮೇಲಾಗಿ ಬಾಗಿಲು ಕಾಯುವವರೂ ಇಲ್ಲ. ಮಠದ ಹೆಂಗಸರಿಗೂ ಇದೇ ಗತಿ. ಮುಳ್ಳು ಸಿಕ್ಕಿದರೆ ದೊರೆಯ ದಾಸಿಯರು, ಸಿಗದಿದ್ದರೆ ಸನ್ಯಾಸಿಗಳ ದಾಸಿಯರು.

ಶುಕ್ರವಾರ ಬೆಳಿಗ್ಗೆ ಕಾರ್ಯದರ್ಶಿಗಳು ಹೆಂಡತಿಯ ಜೊತೆ ಬಂದರು. ಹೆಂಡತಿ ಬಂದದ್ದು ಮರ್ಯಾದೆಗೆ. ಗಂಡಸೊಬ್ಬನೇ ಹೆಂಗಸರ ಮನೆಗೆ ಬರಬಾರದಲ್ಲ. ಕಾರ್ಯದರ್ಶಿಗಳು ಬಾಗಿಲಲ್ಲಿ ತಮ್ಮ ಚಪ್ಪಲಿಯನ್ನು ಬೂಟಿನಿಂದ ಒಂದು ಗೇಣು ದೂರ ಬಿಟ್ಟು, ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತರು. ಅಕ್ಕ ಚಹಾ ಕೊಟ್ಟರು.

"ನೋಡಿ ಅಕ್ಕ, ಬೇರೆಯವರಾದರೆ ನಾನು ಕೇಳ್ತಿರಲಿಲ್ಲ. ನಮ್ಮವರು ಅಂತ ಕೇಳುವುದು," ಎಂದು ಶುರು ಮಾಡಿದರು. ಪುರಾವೆಗಳನ್ನು ಕ್ರಮವಾಗಿ ಇಟ್ಟರು. ಹೊರಗೆ ಬೂಟು. ಬೆಳಿಗ್ಗೆ ಇರುವುದಿಲ್ಲ, ಸಂಜೆ ಇರುತ್ತದೆ, ಅಂದರೆ ಉದ್ಯೋಗಸ್ಥ. ಶುಕ್ರವಾರ ರಜೆ, ಅಂದರೆ ಆಫೀಸಿನವ. ಮಳೆ ಬಂದ ದಿನ ಅಡಿ ಒದ್ದೆಯಾಗಿದ್ದದ್ದನ್ನು ಸ್ವತಃ ನೋಡಿದ್ದಾರೆ. ಈ ಹುಡುಗಿ ಭಾವ ಭಾವ ಎಂದು ಕರೆಯುವುದು ಕೆಳಗಿನ ಬಚ್ಚಲಿಗೆ ಕೇಳುತ್ತದೆ. ಇನ್ನು ಮಂಗಳವಾರ. "ಮಂಗಳವಾರ ಗಂಡಸಿನ ಸ್ವರ. ಇಂಗ್ಲಿಷ್. ಗಂಟೆಗಟ್ಟಲೆ."

ಅಕ್ಕನ ಗಂಡಸನ್ನು ಅಕ್ಕನಿಗಿಂತ ಚೆನ್ನಾಗಿ ಕಟ್ಟಿದ್ದರು. ನನಗೆ ಅಲ್ಲಿಯೇ ಪ್ರೊಫೆಸರರನ್ನು ಕರೆದು ಪರಿಚಯ ಮಾಡಿಸಬೇಕೆನಿಸಿತು. ಇಬ್ಬರಿಗೂ ಒಳ್ಳೆಯ ಜೊತೆಯಾಗುತ್ತಿತ್ತು.

"ಮಂಗಳವಾರದ್ದು ನನ್ನ ಪ್ರೊಫೆಸರು. ಲ್ಯಾಪ್‌ಟಾಪಿನಲ್ಲಿ," ಎಂದೆ.

"ಪ್ರೊಫೆಸರಿಗೆ ಅಷ್ಟು ಹೊತ್ತು ನಿಮ್ಮ ಹತ್ತಿರ ಎಂತ ಮಾತು?"

"ಮುಳ್ಳಿನ ವಿಷಯ."

ಅವರ ಹೆಂಡತಿ ಮೊದಲ ಸಲ ಬಾಯಿ ಬಿಟ್ಟರು. "ಇರಬಹುದು, ಇವರೇ. ನಡುವೆ ಈ ಹುಡುಗಿಯ ಸ್ವರ ಒಂದು ಸಲವೂ ಕೇಳುವುದಿಲ್ಲ. ಮೇಷ್ಟ್ರೇ ಇರಬೇಕು."

"ಅದು ಹೋಗಲಿ. ಬೂಟು?" ಕಾರ್ಯದರ್ಶಿಗಳು ಅಕ್ಕನ ಕಡೆ ತಿರುಗಿದರು. "ಅಣ್ಣ, ತಮ್ಮ ಯಾರಾದರೂ ಆದರೆ ಸಿವಿಲ್ ಐಡಿ ತೋರಿಸಿ. ಇಲ್ಲದಿದ್ದರೆ ನಾನು ಆಫೀಸಿಗೆ ಎಂತ ಹೇಳಲಿ? ನಾಳೆ ಕೇಳ್ತಾರೆ. ಒಂದೇ ಮಾತು ಸಾಕು. ಆ ಬೂಟು ಹಾಕುವವ ಯಾರು?"

ಅಕ್ಕ ಬಾಲ್ಕನಿಯ ಕಡೆ ನೋಡಿದರು. ಬಸಳೆಗೆ ಬೆಳಗಿನ ನೀರು ಹಾಕಿ ಆಗಿತ್ತು. ಆಮೇಲೆ ಎದ್ದು ಹೊರಗೆ ಹೋದರು, ಎರಡೂ ಬೂಟನ್ನು ತಂದು ಅವರ ಕಾಲಬುಡದಲ್ಲಿ ಇಟ್ಟರು.

"ನೀವೇ ಹಾಕಿ ನೋಡಿ ಅಣ್ಣ."

"ನಾನು ಯಾಕೆ?"

"ಆ ಮನುಷ್ಯನ ಅಳತೆ ನಿಮ್ಮದೇ ಆಗಬಹುದು. ಗೊತ್ತಾಗ್ತದೆ, ಹಾಕಿ."

ಸವಾಲು ಎನ್ನಿಸಿತೋ, ಅಳತೆಯಲ್ಲಿ ಇನ್ನೊಂದು ಪುರಾವೆ ಸಿಗುತ್ತದೆ ಎನ್ನಿಸಿತೋ. ಎಡಗಾಲು ತೂರಿಸಿದರು. ಸರಿಯಾಗಿ ಕೂತಿತು. "ಹೂಂ. ನನ್ನ ಸೈಜೇ," ಎಂದು ತಲೆಯಾಡಿಸಿದರು. ಬಲಗಾಲಿಗೆ ಇನ್ನೊಂದನ್ನು ಎಳೆದುಕೊಂಡರು. ಹೆಬ್ಬೆರಳು ಒಂದು ಕಡೆ, ಬೂಟಿನ ಮೂತಿ ಇನ್ನೊಂದು ಕಡೆ. ಲೇಸು ಸಡಿಲಿಸಿದರು. ಸೋಫಾದಿಂದ ಎದ್ದು ಭಾರ ಹಾಕಿ ಒತ್ತಿದರು. ಕಾಲನ್ನು ತಿರುಗಿಸಿದರು, ಸೊಂಟವನ್ನೂ ತಿರುಗಿಸಿದರು. "ಒಣಗಿ ಗಟ್ಟಿಯಾಗಿದೆ," ಎಂದರು. ಕೆಂಪಾಗಿದ್ದರು. ಬೂಟೇ ಸರಿಯಿಲ್ಲ ಎಂಬುದು ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಅವರ ಹೆಂಡತಿಗೆ. "ಇವರೇ, ಅದು ಎಡದ್ದು."

"ಎಡದ್ದು ಹಾಕಿ ಆಯ್ತಲ್ಲ."

"ಇದೂ ಎಡದ್ದೇ. ಎರಡೂ ಎಡದ್ದು!" ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪ್ರಯೋಜನವಾಗಲಿಲ್ಲ. ಚಹಾದ ಲೋಟ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬ್ಯಾರಿ ಹುಡುಗಿ ಅಡುಗೆಮನೆಗೆ ಓಡಿದಳು. ಒಳಗಿಂದ ಪಾತ್ರೆ ಬಿದ್ದ ಸದ್ದು ಬಂತು.

ಅಕ್ಕ ನಗಲಿಲ್ಲ. "ಇದನ್ನು ಹಾಕುವವ ಯಾರು ಅಂತ ಕೇಳಿದಿರಲ್ಲ ಅಣ್ಣ. ಇಷ್ಟು ವರ್ಷದಲ್ಲಿ ಹಾಕಿದ್ದು ನೀವೊಬ್ಬರೇ."

ಕಾರ್ಯದರ್ಶಿಗಳು ಕೂತರು. ಒಂದು ಬೂಟು ಕಾಲಲ್ಲೇ ಇತ್ತು. ಸೋತೆ ಎನ್ನುವ ಜಾತಿಯವರಲ್ಲ ಅವರು. ಸ್ವಲ್ಪ ಹೊತ್ತಿನಲ್ಲಿ ಮುಖ ಗಂಭೀರವಾಯಿತು. "ಅಂದರೆ ಗಂಡಸೇ ಇಲ್ಲ. ಅದು ಇನ್ನೂ ಕಷ್ಟ ಅಲ್ವಾ ಅಕ್ಕ? ಗಂಡಸಿಲ್ಲದ ಮನೆಯನ್ನು ಫ್ಯಾಮಿಲಿ ಅಂತ ಹೇಗೆ ಹೇಳುವುದು?"

ನಾನು ಬಾಯಿ ತೆರೆದೆ. ಬೇಕಾಗಲಿಲ್ಲ.

"ನಿನ್ನೆಯವರೆಗೆ ಗಂಡಸಿದ್ದಾನೆ ಅಂತ ಹೇಗೆ ಹೇಳಿದಿರೋ ಹಾಗೆ," ಎಂದರು ಅವರ ಹೆಂಡತಿ, ಕಣ್ಣು ಒರೆಸಿಕೊಳ್ಳುತ್ತ. "ಸುಮ್ಮನೆ ಫ್ಯಾಮಿಲಿ ಅಂತ ಹೇಳಿ ಬನ್ನಿ. ಅಲ್ಲ ಅಂದಿರೋ, ಇವರ ಮನೆಯಲ್ಲಿ ಗಂಡಸಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಅಂತ ಜನ ಕೇಳ್ತಾರೆ. ಆಗ ಈ ಬೂಟಿನ ಕಥೆ ನಾನೇ ಹೇಳಬೇಕಾಗ್ತದೆ. ಸಂಘದಲ್ಲಿ, ಮೈಕ್ ಹಿಡಿದು. ಒತ್ತಿದ್ದು, ತಿರುಗಿದ್ದು, ಎಲ್ಲ."

ಅವರು ಹೆಂಡತಿಯ ಮುಖ ನೋಡಿದರು, ಬೂಟು ನೋಡಿದರು. ಬಗ್ಗಿ ಲೇಸು ಬಿಚ್ಚಿದರು. ಹೋಗುವಾಗ ಆಕೆ ಹಿಂದೆ ಉಳಿದು, ಬಸಳೆಯ ನಾಲ್ಕು ಎಲೆ ಕೊಡುತ್ತೀರಾ ಎಂದು ಅಕ್ಕನನ್ನು ಕೇಳಿದರು. ಅಕ್ಕ ಉದ್ದದ ಒಂದು ಬಳ್ಳಿಯನ್ನೇ ಕತ್ತರಿಸಿ ಕೊಟ್ಟರು.

ಕರಾರು ನವೀಕರಣವಾಯಿತು. ಫ್ಯಾಮಿಲಿ ಎಂದೇ. ಆಮೇಲೆ ಕಾರ್ಯದರ್ಶಿಗಳು ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಗೋಡೆಯ ಕಡೆ ನೋಡಿಕೊಂಡು ಹೋಗುತ್ತಾರೆ. ಗುಟ್ಟನ್ನು ಅವರಷ್ಟು ಜೋಪಾನವಾಗಿ ನಾವೂ ಕಾಪಾಡಲಾರೆವು. ಸಂಘದ ಮುಂದಿನ ಸಭೆಯಲ್ಲಿ, ಕಟ್ಟಡದಲ್ಲಿ ನಮ್ಮ ಕೆಲವು ಸಹೋದರಿಯರಿಗೆ ತಾವು ನೆರವಾದದ್ದನ್ನು ಹೆಸರು ಹೇಳದೆ ಪ್ರಸ್ತಾಪಿಸಿದರಂತೆ. ಚಪ್ಪಾಳೆ ಬಿತ್ತಂತೆ.

ಪ್ರೊಫೆಸರಿಗೆ ಮುಳ್ಳಿನ ವಿವರ ಕಳಿಸಿದೆ: ಕಬ್ಬಿಣದ್ದು, ಒಂದು, ಕೊಂಡಿ ಮುರಿದಿದೆ, ಯಾರದೆಂದು ಹೇಳಲಾಗದು. ಕೊನೆಯ ಮಾತನ್ನು ಅವರು ಹೊಡೆದು ಹಾಕಿದರು. ನಾನು ಮತ್ತೆ ಸೇರಿಸಿದೆ. ಮತ್ತೆ ಹೊಡೆದರು. ಇದನ್ನು ಮಾತಾಡಿಯೇ ಮುಗಿಸೋಣ ಎಂದರು.

ಆ ಮಂಗಳವಾರ ಅವರು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಅಕ್ಕ ನನ್ನ ಕೋಣೆಯ ಬಾಗಿಲು ತಳ್ಳಿದರು. ಬೂಟನ್ನು ಆಗಷ್ಟೇ ಹೊರಗಿಟ್ಟು ಬಂದಿದ್ದರು.

"ಎದುರು ಮನೆಗೆ ಹೊಸಬರು ಬಂದಿದ್ದಾರೆ," ಎಂದು ಪಿಸುಗುಟ್ಟಿದರು. "ನಾಲ್ಕು ಜನ ಗಂಡಸರು. ಅದು ಹೇಗೆ ಫ್ಯಾಮಿಲಿಯೋ ದೇವರಿಗೇ ಗೊತ್ತು. ಇವರ ಸ್ವರ ಸ್ವಲ್ಪ ಜೋರು ಮಾಡು."

ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಹೊರಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ, ಸ್ವರವನ್ನು ಪೂರ್ತಿ ಏರಿಸಿದೆ. ಗಂಡಸರ ಬಲವಿಲ್ಲದೆ ಅಂಥ ಮನೆ ಅಷ್ಟು ವರ್ಷ ಉಳಿದಿರಲು ಸಾಧ್ಯವೇ ಇಲ್ಲ ಎಂದು ಪ್ರೊಫೆಸರು ವಿವರಿಸುತ್ತಿದ್ದರು. ನಾನು ತಡೆಯಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕನ ಜೊತೆ ಬಸಳೆ ಸೋಸತೊಡಗಿದೆ.